ದೇವರ ಹಸುವಿನ ಹಾಲು

ಅಪ್ಪ,

ಓದುವುದಕ್ಕೆ ನೀನಿಲ್ಲ, ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ. ನೀನು ಸತ್ತು ನಾಲ್ಕು ವರ್ಷವಾದರೂ ನನ್ನ ಸಿಟ್ಟು ಆರಿಲ್ಲ.

ನೀನು ಕಿಲಾರಿಯಾಗಿ ಕಾಯ್ದ ದೇವರ ಹಸುಗಳ ಹಾಲನ್ನು ಮಾರಬಾರದು, ಕರುವಿಗೇ ಬಿಡಬೇಕು ಅಲ್ಲವಾ? ಮೊಳಕಾಲ್ಮೂರಿನ ಹೈಸ್ಕೂಲಿಗೆ ಹೋಗುವ ನಿನ್ನ ಮೊಮ್ಮಗಳು ರೂಪ, ಗೆಳತಿ ಪಾಲಮ್ಮನ ಜೊತೆ ಸೇರಿ ಇವತ್ತು ಅದನ್ನೇ ಒಂದು ಚೊಂಬು ಕರೆದು ಡೇರಿಗೆ ಹಾಕಿ ಬಂದಳು. ದೇವರು ಇದ್ದಾನೋ ಇಲ್ಲವೋ ಎಂದು ವಾರದಿಂದ ಇಬ್ಬರಿಗೂ ವಾದವಂತೆ. ಹಾಲು ಮಾರಿದರೆ ದೇವರು ಏನಾದರೂ ಮಾಡುತ್ತಾನಾ ಎಂದು ನೋಡುವ ಪರೀಕ್ಷೆಯಂತೆ ಇದು.

"ಏನಾಯ್ತು?" ಎಂದೆ.

"ಏನಿಲ್ಲಪ್ಪ. ಫ್ಯಾಟ್ ಚೆನ್ನಾಗಿ ಬಂತು."

"ಹಂಗಾದ್ರೆ ದೇವ್ರಿಲ್ಲ?"

"ಗೊತ್ತಿಲ್ಲ. ಪಾಲಿ ಈಗ್ಲೂ ಐತೆ ಅಂತಾಳೆ. ದೇವ್ರಿಗೆ ನಾವೇನ್ ಹೆದರ್ಲಿಲ್ಲ ಬಿಡು, ನಿನಗೇ ಹೆದ್ರಿದ್ವಿ."

ಅಷ್ಟರಲ್ಲಿ ನನ್ನ ಕೈ ಮೇಲೆದ್ದಿತ್ತು. ಅದು ನಿನ್ನ ಕೈ ಅಪ್ಪ. ಹುಡುಗನಾಗಿದ್ದಾಗ ನಾನೂ ದೇವರಿದ್ದಾನಾ ಎಂದು ಇದೇ ಪ್ರಶ್ನೆ ಕೇಳಿದ್ದಕ್ಕೆ ನೀನು ನನ್ನನ್ನು ಗೂಟಕ್ಕೆ ಕಟ್ಟಿ ಬಾರುಕೋಲಿನಲ್ಲಿ ಹೊಡೆದೆ. ಆಮೇಲೆ ನೀನು ಸಾಯುವವರೆಗೂ ನಾನು ನಿನ್ನನ್ನು ಏನೂ ಕೇಳಲಿಲ್ಲ.

ಎತ್ತಿದ ಕೈಯಿಂದ ತಲೆಯ ಟವೆಲ್ ಸರಿಮಾಡಿಕೊಂಡೆ. ರೂಪ ಆಗಲೇ ಎರಡು ಹೆಜ್ಜೆ ಹಿಂದೆ ಸರಿದಿದ್ದಳು. ಸಂಜೆಯಾಯಿತು, ಇನ್ನೂ ಹತ್ತಿರ ಬಂದಿಲ್ಲ.