ಮೊಲೊಖಿಯಾ ಸೊಪ್ಪಿಗೊಂದು ಉಸಿರು

ಲಕ್ಸರ್, ಪಶ್ಚಿಮ ದಂಡೆ
ಅಕ್ಟೋಬರ್ ೧೨, ಭಾನುವಾರ

ಪ್ರೀತಿಯ ಅಮ್ಮಾ,

ಅಸ್ಯೂತ್ ಕಾಲೇಜಿನಲ್ಲಿ ಕಾನೂನು ಓದಿ ಮನೆಯಲ್ಲಿ ತಟ್ಟೆ ತೊಳೆಯುತ್ತಿರುವ ನಿನ್ನ ಮಗ ಹಿಲ್ಮಿ, ಸ್ವಸ್ಥಚಿತ್ತದಿಂದ, ಯಾರ ಬಲವಂತವೂ ಇಲ್ಲದೆ ಒಪ್ಪಿಕೊಳ್ಳುವುದೇನೆಂದರೆ: ಮೊನ್ನೆ ಶುಕ್ರವಾರ ನಿನ್ನ ಪೆಟ್ಟಿಗೆಯಿಂದ ಕಪ್ಪು ನಿಲುವಂಗಿಯನ್ನೂ ತಲೆವಸ್ತ್ರವನ್ನೂ ಕದ್ದಿದ್ದೇನೆ. ಕದ್ದದ್ದಷ್ಟೇ ಅಲ್ಲ, ತೊಟ್ಟಿದ್ದೇನೆ. ತೊಟ್ಟದ್ದಷ್ಟೇ ಅಲ್ಲ, ಬಲ ಕಂಕುಳಲ್ಲಿ ಹರಿದಿದ್ದೇನೆ. ಶಿಕ್ಷೆ ಏನಿದ್ದರೂ ಅನುಭವಿಸಲು ಸಿದ್ಧ. ಆದರೆ ತೀರ್ಪಿಗೆ ಮೊದಲು ಆರೋಪಿಯ ಮಾತನ್ನು ಪೂರ್ತಿ ಕೇಳುವುದು ನ್ಯಾಯ.

ಮೊದಲು ನಿನ್ನ ಮಂಡಿನೋವು ಹೇಗಿದೆ ಹೇಳು. ಅಲೆಕ್ಸಾಂಡ್ರಿಯಾದ ತೇವದ ಗಾಳಿ ಮಂಡಿಗೆ ಒಳ್ಳೆಯದಲ್ಲ ಅನ್ನುತ್ತಾರೆ. ಯಾರು ಅನ್ನುತ್ತಾರೆ ಎಂದು ಕೇಳಬೇಡ, ಸದ್ಯಕ್ಕೆ ನಾನೊಬ್ಬನೇ ಅನ್ನುತ್ತಿರುವುದು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಕೌಸರ್ ಅಕ್ಕ ಎತ್ತಿ, “ಅಮ್ಮ ಸಮುದ್ರ ನೋಡ್ತಾ ಕೂತಿದಾಳೆ ಕಣೋ, ಆಮೇಲೆ ಮಾಡು” ಅನ್ನುತ್ತಾಳೆ. ಅಷ್ಟು ಹೊತ್ತು ನೋಡಲು ಅದರಲ್ಲೇನಿದೆ? ಉಪ್ಪು ಜಾಸ್ತಿಯಾಗಿದೆ ಎಂದು ನೀನು ಒಂದೇ ನೋಟಕ್ಕೆ ಹೇಳಿ ಮುಗಿಸಿರುತ್ತೀಯ. ಅದಕ್ಕೇ ಈ ಕಾಗದವನ್ನು ಇವತ್ತಿನ ರೈಲಿಗೆ ಹೊರಟಿರುವ ಪಕ್ಕದ ಮನೆಯವರ ಕೈಲಿ ಕಳಿಸುತ್ತಿದ್ದೇನೆ. ಅಕ್ಕಾ, ಅಮ್ಮನಿಗೆ ಇದನ್ನು ಓದಿ ಹೇಳುವವಳು ನೀನೇ ತಾನೆ, ನಡುನಡುವೆ ನಗಬೇಡ.

ನೀನು ಹೋದದ್ದೇಕೆ ಎಂದು ನಮ್ಮಿಬ್ಬರಿಗೂ ಗೊತ್ತು. ಅಂದು ನಮ್ಮಲ್ಲಿ ಊಟಕ್ಕೆ ಬಂದ ಪ್ರವಾಸಿಗಳು ಅಂಗಳದಲ್ಲಿ ಕೂತಿರುವಾಗ, ಅಡುಗೆಮನೆಯಲ್ಲಿ ಕುದಿಯುವ ಸಾರಿಗೆ ಸೊಪ್ಪು ಹಾಕಿ, ಬೆಳ್ಳುಳ್ಳಿ ಕೊತ್ತಂಬರಿಯ ಒಗ್ಗರಣೆ ಸುರಿಯುತ್ತಾ, ಎಂದಿನಂತೆ ನೀನು ಬೆಚ್ಚಿಬಿದ್ದವಳ ಹಾಗೆ “ಹ್ಹಾ” ಎಂದು ಉಸಿರೆಳೆದೆ. ಆ ಉಸಿರಿಲ್ಲದಿದ್ದರೆ ಸೊಪ್ಪು ತಳಕ್ಕೆ ಕೂರುತ್ತದಂತೆ, ಅದಿಲ್ಲದೆ ಮೊಲೊಖಿಯಾ ಮಾಡುವ ಹೆಂಗಸು ನಮ್ಮೂರಲ್ಲಿ ಇಲ್ಲ. ಪ್ರವಾಸಿಗಳು ಚಪ್ಪಾಳೆ ತಟ್ಟಿದರು. ನನಗೆ ಬಾಯಿ ಸುಮ್ಮನಿರಬೇಕಲ್ಲ, “ಅದರಲ್ಲೇನಿದೆ, ಒಂದು ಉಸಿರು ತಾನೆ? ಯಾರು ಬೇಕಾದ್ರೂ ಎಳೀಬಹುದು” ಅಂದೆ. ನೀನು ಸೌಟು ಕೆಳಗಿಟ್ಟೆ. “ಹಂಗಾದ್ರೆ ನೀನೇ ಎಳ್ಕೊಳ್ಳಪ್ಪಾ, ನಂಗೂ ಸ್ವಲ್ಪ ಉಸಿರಾಡೋಕೆ ಬಿಡು” ಅಂದು ರೈಲು ಹತ್ತಿದೆ. ಈಗ ಅಕ್ಕನ ಬಾಯಲ್ಲಿ ಕೇಳಿ ಕಳಿಸಿದ್ದೀಯ: ನಾನು ಬರಬೇಕೋ, ರಂಜಾನ್ ತನಕ ಇಲ್ಲೇ ಇರಲೋ, ನಿಜ ಹೇಳಲಿ ಅಂತ. ನಿಜ ಹೇಳುತ್ತೇನೆ. ಧಾರಾಳವಾಗಿ ಇರು. ಇಲ್ಲಿ ಯಾವುದಕ್ಕೂ ಕೊರತೆಯಿಲ್ಲ. ನಿನ್ನ ಮಾತಿಗೆ ಅಂದು ಸೊಪ್ಪು ಹಾಕದ ನಾನು ಈಗ ದಿನವೂ ಸೊಪ್ಪು ಹಾಕುತ್ತಿದ್ದೇನೆ, ಅಷ್ಟೇ ವ್ಯತ್ಯಾಸ. ಅಪ್ಪ ಅಡುಗೆಮನೆಯ ಗೋಡೆಗೆ ಒರಗಿಸಿದ ಅದೇ ಬೆಂಚಿನ ಮೇಲೆ, ಅದೇ ಜಪಮಣಿ ಎಣಿಸುತ್ತಾ, ಚಹಾಕ್ಕೆ ಸಕ್ಕರೆ ಸಾಲದು ಎಂದು ಅದೇ ತಕರಾರು ಮಾಡುತ್ತಾ ಕೂತಿರುತ್ತಾರೆ. ನಿನ್ನ ವಿಷಯ ಒಂದು ಸಲವೂ ಉಸಿರೆತ್ತಿಲ್ಲ.

ಇನ್ನು ಶುಕ್ರವಾರದ ಪ್ರಕರಣ. ಪ್ರವಾಸಿಗಳನ್ನು ಕರೆತರುವ ನಮ್ಮ ವಗ್ದಿ ಗೊತ್ತಲ್ಲ, ದೋಣಿಯಲ್ಲಿ ಒಂದು ತಂಡ ತುಂಬಿಕೊಂಡು ಬಂದ. ಹಿಲ್ಮಿಯ ತಾಯಿ ಉಮ್ಮ್ ಹಿಲ್ಮಿಯ ಕೈಯಡುಗೆ, ಜೊತೆಗೆ ಅವಳದೇ ಉಸಿರು ಎಂದು ದಾರಿಯುದ್ದಕ್ಕೂ ಹೊಗಳಿದ್ದಾನೆ. ನೀನು ಊರಲ್ಲಿಲ್ಲ ಎಂದು ಅವನ ಕಿವಿಯಲ್ಲಿ ಹೇಳಿದೆ. “ಅಣ್ಣಾ, ಇಲ್ಲ ಅನ್ಬೇಡ, ಒಳಗಿದಾರೆ ಅನ್ನು. ಇವರೇನು ಎದ್ದು ನೋಡ್ತಾರಾ? ಇಲ್ಲ ಅಂದ್ರೆ ನಾಳೆಯಿಂದ ಬೇರೆ ಮನೆ ನೋಡ್ಕೋತೀನಿ” ಅಂದ. ಒಳಗಿದ್ದಾಳೆ ಅಂದೆ. ನಾಚಿಕೆ ಸ್ವಭಾವ ಎಂದೂ ಸೇರಿಸಿದೆ. ನಿನಗೆ ನಾಚಿಕೆ! ಕೇಳಿದ್ದರೆ ಬೆಂಚಿನ ಮೇಲಿನ ಅಪ್ಪನೂ ನಗುತ್ತಿದ್ದರು. ತಣ್ಣನೆಯ ಕೆಂಪು ದಾಸವಾಳದ ಪಾನಕ ಕೊಟ್ಟೆ, ಬಿಸಿಲಲ್ಲಿ ಹಿಟ್ಟು ಉಬ್ಬಿಸಿ ಸುಟ್ಟ ರೊಟ್ಟಿ ಇಟ್ಟೆ, ಎಳೆಗೋಧಿ ತುಂಬಿ ಬೇಯಿಸಿದ ಪಾರಿವಾಳ ಇಟ್ಟೆ. ಎಲ್ಲ ಸುಸೂತ್ರ. ಅಷ್ಟರಲ್ಲಿ ತಂಡದಲ್ಲಿದ್ದ ಡೆನ್ಮಾರ್ಕಿನ ಮುದುಕಿ ಎದ್ದು ನಿಂತಳು. ಅವಳೂ ಬದುಕೆಲ್ಲ ಅಡುಗೆ ಮಾಡಿದವಳಂತೆ, ಹೆಂಗಸು ಹೆಂಗಸಿನ ಎದುರು ನಾಚುವುದೇನು, ಒಳಗೆ ಹೋಗಿ ಕೈ ಹಿಡಿದು ಮಾತಾಡಿಸಿ ಬರುತ್ತೇನೆ ಎಂದು ಹೊರಟೇಬಿಟ್ಟಳು.

ಅವಳು ಅಂಗಳ ದಾಟುವುದರೊಳಗೆ ನಾನು ಒಳಕೋಣೆಗೆ ಓಡಿ, ನಿನ್ನ ನಿಲುವಂಗಿಯೊಳಗೆ ನುಗ್ಗಿ, ಅಡುಗೆಮನೆ ಸೇರಿ ಅಗುಳಿ ಹಾಕಿದೆ. ಹಾಕಿದ ಮೇಲೆ ತಿಳಿಯಿತು, ಬೋನಿಗೆ ಬಿದ್ದ ಇಲಿಯೂ ನಾನೇ, ಬೋನಿನ ಬಾಗಿಲು ಹಾಕಿದವನೂ ನಾನೇ. ಮುಂಬಾಗಿಲಲ್ಲಿ ಮುದುಕಿ. ಹಿಂಬಾಗಿಲಲ್ಲಿ ನಿನ್ನೊಬ್ಬಳಿಗೇ ಮರ್ಯಾದೆ ಕೊಡುವ ಆ ಗಂಡುಬಾತು, ಕತ್ತು ನೀಡಿಕೊಂಡು. ಕಿಟಕಿಗೆ ಬೆಕ್ಕು ಬಾರದಂತೆ ನೀನೇ ಹಾಕಿಸಿದ ಸರಳುಗಳು. ಒಲೆಯ ಮೇಲೆ ಸೊಪ್ಪು ಆಗಲೇ ಸಾರಿನೊಳಗೆ ಇಳಿದಿದೆ, ಇನ್ನೊಂದು ಕುದಿ ಬಂದರೆ ಹಸಿರೆಲ್ಲ ತಳಕ್ಕೆ ಕೂತು ಮೇಲೆ ನೀರು ತೇಲುತ್ತದೆ. ಪಕ್ಕದಲ್ಲಿ ಬೆಳ್ಳುಳ್ಳಿ ಕೆಂಪಾಗಿ, ಕಪ್ಪಾಗುವ ಆಲೋಚನೆಯಲ್ಲಿದೆ. ಬಾಗಿಲ ಸಂದಿಯಿಂದ ವಗ್ದಿ, “ಉಸಿರು ಬಿಡು ಅಣ್ಣಾ... ಅಲ್ಲಲ್ಲ, ಎಳಿ, ಎಳಿ” ಎಂದು ಪಿಸುಗುಟ್ಟುತ್ತಿದ್ದಾನೆ. ಹೊಗೆ, ಬೆವರು, ಕಣ್ಣಿಗೆ ಇಳಿಯುವ ತಲೆವಸ್ತ್ರ, ಕೈ ಎತ್ತಿದರೆ ಪರ್ರೆನ್ನುವ ಕಂಕುಳು. ಆ ಅಡುಗೆಮನೆ ಎಷ್ಟು ಇಕ್ಕಟ್ಟು ಎಂದು ನನಗೆ ಅಂದೇ ಗೊತ್ತಾದದ್ದು ಅಮ್ಮಾ. ಮದುವೆಯಾಗಿ ಬಂದಾಗಿನಿಂದ ನೀನು ಅದರೊಳಗಿದ್ದೆ. ನಾನು ಹೊರಗೆ ಗಾಳಿಯಲ್ಲಿ ನಿಂತು ಬಂದವರಿಗೆ ಇತಿಹಾಸ ಹೇಳುತ್ತಿದ್ದೆ.

ಇರಲಿ, ಬೇಸರದ ಮಾತು ಬೇಡ, ಗೆದ್ದ ಕಥೆ ಹೇಳುತ್ತೇನೆ. ಒಗ್ಗರಣೆ ಸುರಿದೆ. ಚೊರ್ರ್ ಅಂತು. ಸರಿಯಾಗಿ ಅದೇ ಕ್ಷಣಕ್ಕೆ “ಹ್ಹಾ” ಎಂಬ ಉಸಿರು, ನಿನ್ನದೇ ಉದ್ದ, ನಿನ್ನದೇ ಕೊನೆಯ ಕೊಕ್ಕೆ, ಇಡೀ ಅಂಗಳಕ್ಕೆ ಕೇಳಿಸಿತು. ಚಪ್ಪಾಳೆಯೋ ಚಪ್ಪಾಳೆ. ಸೊಪ್ಪು ತಳ ಕಾಣಲಿಲ್ಲ, ಆಮೇಲೆ ತಟ್ಟೆಗಳು ತಳ ಕಂಡವು. ಮುದುಕಿ ಬಾಗಿಲಾಚೆ ನಿಂತು ಎದೆಯ ಮೇಲೆ ಕೈಯಿಟ್ಟುಕೊಂಡಳಂತೆ. ಇಂಥ ಉಸಿರು ಎಳೆಯುವವಳನ್ನು ಕೆಲಸದ ನಡುವೆ ತೊಂದರೆಪಡಿಸಬಾರದು ಎಂದು ವಗ್ದಿಗೆ ಹೇಳಿ ತಾನಾಗಿಯೇ ಹಿಂತಿರುಗಿದಳು. ನೋಡಿದೆಯಾ? ಒಂದು ಉಸಿರು ತಾನೆ ಎಂದಿದ್ದೆನಲ್ಲ. ಆದ್ದರಿಂದ ನೀನು ನಿಶ್ಚಿಂತೆಯಿಂದ ರಂಜಾನ್ ತನಕ ಸಮುದ್ರ ನೋಡಿಕೊಂಡಿರು. ಮಂಡಿಗೆ ಎಣ್ಣೆ ತಿಕ್ಕಿಸಿಕೋ. ಅಕ್ಕನಿಗೂ ಭಾವನಿಗೂ ಸಲಾಮು ಹೇಳು. ದೇವರು ನಿನ್ನನ್ನು ತಣ್ಣಗೆ ಇಟ್ಟಿರಲಿ, ಸಿಟ್ಟನ್ನೂ ಸೇರಿಸಿ.

ನಿನ್ನ ಕೈಗೆ ಮುತ್ತಿಡುವ ಮಗ,
ಹಿಲ್ಮಿ

ತಾ.ಕ.: ಕಾಗದ ಒಯ್ಯುವವರು ಬಾಗಿಲಲ್ಲಿ ನಿಂತು ರೈಲು ತಪ್ಪುತ್ತದೆ ಅನ್ನುತ್ತಿದ್ದಾರೆ, ಬೇಗ ಬರೆಯುತ್ತೇನೆ. ಆ ಉಸಿರು ನನ್ನದಲ್ಲ. ನಾನು ಬಾಯಿ ತೆರೆದೆ, ಹೊಗೆ ಒಳಗೆ ಹೋಯಿತು, ಕೆಮ್ಮೂ ಬಿಕ್ಕಳಿಕೆಯೂ ಕೂಡಿದಂಥದೇನೋ ಹೊರಗೆ ಬಂತು. ಉಸಿರು ಬಂದದ್ದು ಗೋಡೆಯಾಚೆಯ ಬೆಂಚಿನಿಂದ. ಸರಳುಗಳಿಗೆ ಮುಖವಿಟ್ಟು ನೋಡಿದೆ. ಅಪ್ಪ ಕಣ್ಣು ಮುಚ್ಚಿ, ಮುಖ ಮೇಲೆತ್ತಿ ಕೂತಿದ್ದರು, ಒಗ್ಗರಣೆಯ ಸದ್ದಿಗೆ ಉಸಿರು ತಾನೇ ಬಂದಿತ್ತು. ಇಷ್ಟು ವರ್ಷವೂ ನಿನ್ನ ಜೊತೆ ಎಳೆಯುತ್ತಿದ್ದರೋ ಏನೋ, ನಿನ್ನದರಲ್ಲಿ ಅವರದು ನಮಗೆ ಕೇಳಿಸಿರಲಿಲ್ಲ. ಕಣ್ಣು ತೆರೆದವರಿಗೆ ಕಿಟಕಿಯ ಹೊಗೆಯಲ್ಲಿ ಕಂಡದ್ದು ನಿನ್ನ ಕಪ್ಪು ತಲೆವಸ್ತ್ರ. “ಬಂದ್ಯೇನೇ?” ಅಂದರು. ನಾನು “ಹೂಂ” ಅಂದುಬಿಟ್ಟೆ ಅಮ್ಮಾ. ಮತ್ತೇನು ಮಾಡಲಿ, ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಆಮೇಲೆ ನಾನು ಗಡ್ಡಸಮೇತ ಹೊರಗೆ ಬಂದಾಗ ನನ್ನನ್ನು ನೋಡಿ ಜಪಮಣಿ ಕೈಗೆತ್ತಿಕೊಂಡರು. ನಿನ್ನೆಯಿಂದ ಬೆಂಚನ್ನು, ರೈಲಿಳಿದವರು ಬರುವ ದೋಣಿಕಟ್ಟೆಯ ದಾರಿಗೆ ಮುಖಮಾಡಿ ಹಾಕಿಕೊಂಡಿದ್ದಾರೆ. ರಂಜಾನ್ ತನಕ ಅಂದದ್ದನ್ನು ಅಕ್ಕಾ ಹೊಡೆದುಹಾಕು. ಅಡುಗೆಮನೆಗೆ ಬಾ ಅನ್ನುತ್ತಿಲ್ಲ ಅಮ್ಮಾ, ಅಂಗಳಕ್ಕೆ ಬಾ, ಬೆಂಚಿನಲ್ಲಿ ಜಾಗವಿದೆ. ಸೊಪ್ಪು ನಾನೇ ಹೆಚ್ಚುತ್ತೇನೆ, ಒಗ್ಗರಣೆ ನಾನೇ ಹಾಕುತ್ತೇನೆ. ಉಸಿರು ಮಾತ್ರ ನನಗೆ ಬರುವುದಿಲ್ಲ.