ಸೋಸದೆ ಬಿಟ್ಟ ಮಿಡಿತಗಳು

ಲೂಯಿವಿಲ್, ಕೆಂಟಕಿ
ನವೆಂಬರ್ ೯, ಬೆಳಗಿನ ಜಾವ ಮೂರೂ ನಲವತ್ತು

ಪ್ರೀತಿಯ ಅಪ್ಪಾ,

ಎರಡು ಗಂಟೆಗೆ ನಿನ್ನ ಮೊಮ್ಮಗಳು ವೆರಾ ಕೆಮ್ಮಿದ ಸದ್ದಿಗೆ ಎಚ್ಚರವಾಯಿತು. ಅವಳಿಗೇನೂ ಆಗಿಲ್ಲ, ಹಾಲು ಕುಡಿದು ಮಲಗಿದಳು. ನಿದ್ದೆ ಹಾರಿಹೋದದ್ದು ನನ್ನದು. ನೀನು ಹೇಗಿದ್ದೀಯ? ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಯೇ? ಬರೀ ಮಾತಿಗೆ ಕೇಳುತ್ತಿಲ್ಲ.

ಕಳೆದ ತಿಂಗಳು ನಮ್ಮ ಪ್ರಯೋಗಾಲಯಕ್ಕೆ ಬಂದು ಎದೆಗೆ ಪಟ್ಟಿ ಕಟ್ಟಿಸಿಕೊಂಡೆಯಲ್ಲ, ಅದರ ಸುದ್ದಿ. ಮಿಡಿತಗಳ ನಡುವಿನ ಬಿಡುವು ಉಸಿರಿನ ಜೊತೆ ಕೊಂಚ ಹಿಗ್ಗಿ ಕುಗ್ಗಬೇಕು, ಅಂಥ ಎದೆಯವರು ಗಮನ ಹಿಡಿದಿಡುವುದರಲ್ಲೂ ಸಾಮಾನ್ಯವಾಗಿ ಮುಂದು ಅಂತ ವಿವರಿಸಿದ್ದೆ. ಆ ಏರಿಳಿತದ ನಿನ್ನ ಅಂಕಿ ಇಪ್ಪತ್ತರ ಹುಡುಗರನ್ನೂ ಮೀರಿಸಿತ್ತು. ನಮ್ಮ ಮುಖ್ಯಸ್ಥೆ ಇಮೋಜೆನ್, "ಏನ್ ಕ್ಯಾಪ್ಟನ್, ಮೊಮ್ಮಗಳ ಹೃದಯ ಕದ್ಕೊಂಡ್ ಬಂದಿದ್ದೀರಾ?" ಅಂದರು. "ನದಿ ನೀರು ಕುಡಿದ ಎದೆ ಕಣಮ್ಮಾ" ಅಂತ ನೀನು ಉಬ್ಬಿದೆ. ಆ ಅಂಕಿಯ ಧೈರ್ಯದಲ್ಲೇ ನಿವೃತ್ತಿಯ ಕಾಗದ ಹರಿದುಹಾಕಿ, ಸರಕು ತುಂಬಿದ ಹದಿನೈದು ಬಾರ್ಜು ತಳ್ಳುವ ಹಡಗು ಹತ್ತಿ ಮತ್ತೆ ಓಹಾಯೋ ನದಿಗೆ ಇಳಿದೆ.

ಆದರೆ ಗಮನ ಅಳೆಯುವ ಬಾಣದ ಪರೀಕ್ಷೆ? ಪರದೆಯ ನಡುವಿನ ಬಾಣ ಯಾವ ಕಡೆಗಿದೆ ಅಂತ ಗುಂಡಿ ಒತ್ತಬೇಕಿತ್ತು. ಹದಿನೇಳು ಸಲ ನೀನು ಒತ್ತದೆ ಸುಮ್ಮನೆ ಕೂತಿದ್ದೆ. "ಆ ಹಾಳು ಬಾಣ ಯಾವ್ ಕಡೆ ಹೋದ್ರೆ ನಂಗೇನೇ?" ಅಂದೆ. ನಾನೂ ನಕ್ಕೆ. ಅಂಥ ಎದೆಗೂ ಇಂಥ ಗಮನಕ್ಕೂ ತಾಳೆಯಾಗುತ್ತಿಲ್ಲವಲ್ಲ ಅಂತ ಈಗ ಲ್ಯಾಪ್‌ಟಾಪ್ ತೆರೆದು ಕೂತೆ. ಲೆಕ್ಕಕ್ಕೆ ಮೊದಲು ಎದೆಬಡಿತದ ಗೆರೆಗಳನ್ನು ಕಣ್ಣಾರೆ ನೋಡಿ ಅಡ್ಡಾದಿಡ್ಡಿ ಮಿಡಿತಗಳನ್ನು ಸೋಸಬೇಕು. ಹೊಸ ವಿದ್ಯಾರ್ಥಿಗಳಿಗೆ ನಾನೇ ಹೇಳಿಕೊಡುವ ಮೊದಲ ಪಾಠ. ಆ ವಾರ ವೆರಾಗೆ ಜ್ವರ, ನನಗೆ ನಿದ್ದೆಗೇಡು. ಅಪ್ಪನದೇ ತಾನೇ ಅಂತ ಸೋಸದೆ ಬಿಟ್ಟೆ. ಅದು ಉಸಿರಿನ ಏರಿಳಿತವಲ್ಲ ಅಪ್ಪಾ. ದಾಖಲಾದ ಎಂಟು ನಿಮಿಷವೂ ಎದೆ ತಾಳ ತಪ್ಪಿ ಹೊಡೆದಿದೆ. ತಾಳ ತಪ್ಪಿದರೂ ಯಂತ್ರ ದೊಡ್ಡ ಅಂಕಿಯನ್ನೇ ಕೊಡುತ್ತದೆ. ನಾನು ವೈದ್ಯೆಯಲ್ಲ, ವೈದ್ಯರು ಇವತ್ತೇ ನೋಡಬೇಕಾದ ಗೆರೆ ಇದು ಅನ್ನುವಷ್ಟು ಗೊತ್ತು.

ಲೈಸೆನ್ಸ್ ಕಿತ್ತುಕೊಳ್ಳುತ್ತಾರೆ ಅಂತ ಬೈಯುತ್ತೀಯ. ಬೈಯಿ. ತಪ್ಪು ನನ್ನದು, ಇಮೋಜೆನ್ ಮುಂದೆ ಇವತ್ತೇ ಒಪ್ಪಿಕೊಳ್ಳುತ್ತೇನೆ.

ವೆರಾಳ ಮುತ್ತುಗಳೊಂದಿಗೆ,
ನಿನ್ನ ಕೊರಿನ್

ವಿ.ಸೂ.: ಹನ್ನೆರಡು ಸಲ ಫೋನ್ ಮಾಡಿದೆ, ಆರಿಸಿ ಮಲಗಿದ್ದೀಯ. ಪಾಳಿಗೆ ಮುನ್ನ ಹವಾಮಾನ ನೋಡಲು ಮೇಲ್ ತೆರೆಯುತ್ತೀಯ ಅಂತ ಇದನ್ನು ಮೇಲ್‌ನಲ್ಲೇ ಕಳಿಸುತ್ತಿದ್ದೇನೆ. ಆರು ಗಂಟೆಗೆ ಚುಕ್ಕಾಣಿ ಮುಟ್ಟಬೇಡ. ಐದೂವರೆಗೆ ನಿನ್ನ ದನಿ ಕೇಳದಿದ್ದರೆ ನಾನೇ ಕಂಪನಿಗೆ ಫೋನ್ ಮಾಡಿ ನಿನ್ನನ್ನು ಕೆಳಗಿಳಿಸುತ್ತೇನೆ, ಖಂಡಿತ. ಎದೆ ತಾಳ ತಪ್ಪಿದ ಮಾತು ನಿನ್ನ ಬಾಯಿಂದಲೇ ಅವರಿಗೆ ಹೋಗಲಿ, ಮಗಳ ಬಾಯಿಂದ ಬೇಡ. ದಮ್ಮಯ್ಯ ಅಪ್ಪಾ, ಬೆಳಗಾಗುವ ಮೊದಲು ಫೋನ್ ಮಾಡು.