ಬೆಳಿಗ್ಗೆ ಹನ್ನೊಂದಕ್ಕೆ ಯುವಕರನ್ನು ಹುಡುಕಿದವರಿಗೆ

ಯುವ ನೆರವು ಕೇಂದ್ರಗಳ ತಪಾಸಣಾಧಿಕಾರಿಗಳಾದ ಮಾನ್ಯರೇ,

ನಾನೊಬ್ಬ ಅಪರಾಧಿ. ಕಳೆದ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ತಾವು ಹುಣಸೂರು ತಾಲ್ಲೂಕಿನ ಕಾಡಂಚಿನ ನಮ್ಮೂರ ಕೇಂದ್ರಕ್ಕೆ ದಯಮಾಡಿಸಿದಾಗ, ಅಲ್ಲಿ ನಾನು ಯುವಕನ ವೇಷದಲ್ಲಿ ಕುಳಿತಿದ್ದೆ. ವಯಸ್ಸು ಅರವತ್ತಮೂರು. ತಲೆಗೆ ಬಣ್ಣ, ಬಣ್ಣ ಹಿಡಿಯದ ಕಡೆ ಕ್ರಿಕೆಟ್ ಟೋಪಿ, ಕಿವಿಯಲ್ಲಿ ಯಾವುದಕ್ಕೂ ಸಿಕ್ಕಿಸದ ಇಯರ್‌ಫೋನು. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತ, ಯುವಕರು ಕೂರುವ ಭಂಗಿಯನ್ನು ಎದುರಿನಿಂದಲೇ ಅಭ್ಯಾಸ ಮಾಡಿದವನು ನಾನು. ವೇಷ ಎಷ್ಟು ಪಕ್ಕಾ ಇತ್ತೆಂದರೆ, ತಾವು ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳದೆ ಹೊರಟಿರಿ. ಆದರೂ ಮಾರನೆಯ ದಿನ ಕೇಂದ್ರಕ್ಕೆ ಬೀಗ ಬಿತ್ತು. ಯುವಜನರು ಬರುತ್ತಿಲ್ಲ ಎಂಬುದು ಕಾರಣ. ಒಬ್ಬ ಯುವಕ ಸಾಲಲಿಲ್ಲವೆಂದು ಕಾಣುತ್ತದೆ. ಕೇಂದ್ರ ತೆರೆದ ದಿನ ಸಬಲೀಕರಣ, ಸಬಲೀಕರಣ ಎಂದು ಭಾಷಣ ಬಿಗಿದಿರಿ. ಕೊನೆಗೆ ಬಲ ಬಂದದ್ದು ಬೀಗಕ್ಕೆ.

ಸ್ವಾಮಿ, ಆ ಹೊತ್ತಿನಲ್ಲಿ ನಮ್ಮ ಯುವಕರು ಎಲ್ಲಿರುತ್ತಾರೆ? ಬುಡಕಟ್ಟಿನವರ ಹಾಡಿಯ ಹುಡುಗ ಹುಡುಗಿಯರನ್ನು ತುಂಬಿಕೊಂಡ ಜೀಪು ಬೆಳಕು ಹರಿಯುವ ಮುನ್ನವೇ ಕೊಡಗಿನ ಕಾಫಿ ತೋಟದ ದಾರಿ ಹಿಡಿದಿರುತ್ತದೆ. ಊರ ಹುಡುಗರು ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಒಲೆಗೆ ಸೌದೆ ಒಟ್ಟುತ್ತಿರುತ್ತಾರೆ. ಕೇಂದ್ರ ನಡೆಸುವ ರಮ್ಯ ತಮಗೆ ಮೊದಲೇ ಫೋನು ಮಾಡಿ, "ಸಂಜೆ ಏಳಕ್ಕೆ ಬನ್ನಿ ಸಾರ್, ಕೂರೋಕೆ ಜಾಗ ಇರಲ್ಲ" ಎಂದಿದ್ದಳು. ತಮ್ಮ ಉತ್ತರ? "ನಮ್ ಆಫೀಸ್ ಟೈಮು ಐದೂವರೆಗೆ ಮುಗೀತದೆ ಕಣಮ್ಮ. ಒಂದಿನ ಕೆಲ್ಸ ಬಿಟ್ಟು ಬರೋಕ್ಕೇಳು."

ಆಹಾ! ಯುವಕರು ಕೆಲಸ ಹಿಡಿಯಲಿ ಎಂದು ತೆರೆದ ಕೇಂದ್ರ ಉಳಿಯಬೇಕಾದರೆ, ಅವರು ಮೊದಲು ಕೆಲಸ ಬಿಡಬೇಕು! ತಮಗೆ ಬೇಕಿದ್ದದ್ದು ಯುವಜನವೋ, ಯಾವ ಜನವಾದರೂ ನಡೆಯುತ್ತಿತ್ತೋ? ರಸ್ತೆ ಪಕ್ಕದ ಬಾರಿನವನು ಯಾವ ತಪಾಸಣೆಯನ್ನೂ ಮಾಡಿಲ್ಲ. ಆದರೆ ಜೀಪು ವಾಪಸು ಬರುವ ಹೊತ್ತು ಅವನಿಗೆ ಗೊತ್ತು. ಬಾಗಿಲು ತೆರೆದೇ ಇಟ್ಟಿರುತ್ತಾನೆ.

ಹಾಡಿಯ ಕಾಳಿ ಪಿಯುಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಫೇಲಾದವಳು. ಮತ್ತೆ ಪರೀಕ್ಷೆ ಕಟ್ಟಿದ್ದಾಳೆ. ಹಗಲು ತೋಟ, ಸಂಜೆ ಕೇಂದ್ರದಲ್ಲಿ ಓದು. ಅವಳ ಅಣ್ಣ ಚಿಕ್ಕಬೊಮ್ಮ ವಾರದ ಕೂಲಿಯನ್ನೆಲ್ಲ ಬಾರಿಗೆ ಒಪ್ಪಿಸಿ ಬರುತ್ತಿದ್ದವನು. ಇಲ್ಲಿ ಕೇರಂ ಆಡುತ್ತ, ರಮ್ಯಳೊಡನೆ ಕಷ್ಟಸುಖ ಹೇಳಿಕೊಳ್ಳುತ್ತ, ಯುಗಾದಿಯಿಂದೀಚೆಗೆ ಆ ಕಡೆ ತಲೆ ಹಾಕಿರಲಿಲ್ಲ. ಬೀಗ ಬಿದ್ದ ಸಂಜೆ ಇಬ್ಬರೂ ಜೀಪಿಳಿದು ಬಾಗಿಲ ಮುಂದೆ ನಿಂತರು.

"ಬಾಗ್ಲಾಕ್ಬುಟ್ರೆ ನಾನೆಲ್ ಓದ್ಲಿ ಸಾ? ಜೀಪ್ನೊಳಗಾ?" ಎಂದಳು ಕಾಳಿ, ಅಲ್ಲೇ ಇದ್ದ ನನ್ನ ಕಡೆ ತಿರುಗಿ.

"ನೀ ಮನೇಲಿ ಓದ್ಕೋ ಓಗಮ್ಮಿ. ನಂಗಂತೂ ಕೂರಕ್ಕೆ ಜಾಗ ಅದೆ" ಎಂದ ಚಿಕ್ಕಬೊಮ್ಮ, ಬಾರಿನ ದೀಪದ ಕಡೆ ನೋಡುತ್ತ. ಕಾಳಿ ಅವನ ಅಂಗಿ ಹಿಡಿದು ಎಳೆದುಕೊಂಡೇ ಹೋದಳು. ಎಷ್ಟು ದಿನ ಎಳೆದಾಳು?

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಬೀಗ ತೆಗೆಸಿ. ತಪಾಸಣೆಗೆ ಸಂಜೆ ಏಳಕ್ಕೆ ಬನ್ನಿ. ಕಚೇರಿ ವೇಳೆ ಮೀರಿ ದುಡಿಯುವುದು ಮೈಗೆ ಒಗ್ಗದಿದ್ದರೆ, ಬಂದು ಒಂದಾಟ ಕೇರಂ ಆಡಿ. ತಾವು ಕೆಲಸ ಮಾಡಿದಿರೆಂದು ನಾವು ಯಾರಿಗೂ ಹೇಳುವುದಿಲ್ಲ.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಕೇಂದ್ರದ ಪಕ್ಕ ಟೀ ಅಂಗಡಿ ಇಟ್ಟಿರುವ ಮಾಯಮ್ಮ, ಇಷ್ಟನ್ನೂ ಓದಿಸಿ ಕೇಳಿ, "ಮಿಕ್ಕಿದ್ದನ್ನೂ ಬರೀರಿ ಸಾ" ಎಂದು ಪಟ್ಟು ಹಿಡಿದಿದ್ದಾಳೆ. ತಾವು ಬಂದಾಗ ಬಾಗಿಲಲ್ಲಿ ನಿಂತಿದ್ದವಳು ಅವಳೇ. ಕಾದು ಕಾದು ನಾನು ಟೋಪಿ ಮುಖಕ್ಕೆಳೆದುಕೊಂಡು ಗೊರಕೆ ಹೊಡೆಯುತ್ತಿದ್ದೆನಂತೆ. ತಾವು ಸದ್ದಾಗದಂತೆ ಒಳಬಂದು ಜವಾನನಿಗೆ, "ಎಬ್ಬಿಸ್ಬೇಡ ಕಣೋ, ಪಾಪ, ಯಾರೋ ಅಜ್ಜ ಮಲಗವ್ರೆ. ಯೂತ್ಸು ಬರಲ್ಲ ಅಂತ ಇನ್ನೇನ್ ಕೇಳೋದು" ಎಂದಿರಂತೆ. ಹೋಗುವಾಗ ಫ್ಯಾನು ಹಾಕಿ ಹೋದಿರಂತೆ.

ಗಾಳಿ ಚೆನ್ನಾಗಿತ್ತು.

ಇಂತಿ,
ತಾವು ಎಬ್ಬಿಸದೆ ಬಿಟ್ಟ
ಪುಟ್ಟಮಲ್ಲಪ್ಪ,
ನಿವೃತ್ತ ಯುವಕ